ನಿಂತು ನೋಡಿದ ಗೆರೆ

ನಮ್ಮ ಬೀದಿಯ ತುದಿಯಲ್ಲಿ ಯಾರೋ ಕಾರಿಗೆ ಬಣ್ಣ ಹೊಡೆಸುತ್ತಿದ್ದಾರೆ. ಥಿನ್ನರ್ ವಾಸನೆ ಬೆಳಿಗ್ಗೆಯಿಂದ ಅಡುಗೆಮನೆಯವರೆಗೂ ಬಂದಿದೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾಳೆ. ಅವಳು ಆಚೆ ಹೋದ ಮೇಲೆ ನಾನು ಮೆಲ್ಲಗೆ ತೆರೆಯುತ್ತೇನೆ. ಅರವತ್ತು ದಾಟಿದವಳಿಗೆ ಇದೆಂಥ ಚಟ ಎಂದು ನೀವು ನಗಬಹುದು. ನನಗೆ ಅದು ಅಪ್ಪನ ಅಂಗಿಯ ವಾಸನೆ.

ಎಂಬತ್ತರ ದಶಕದ ಮಾತು. ಅಪ್ಪನಿಗೆ ಕೊಯಮತ್ತೂರಿನ ಹತ್ತಿರ ಸೂಲೂರಿನಲ್ಲಿ ಹಳೆಯ ಕಾರು ರಿಪೇರಿಯ ಟಿಂಕರಿಂಗ್ ಶೆಡ್ ಇತ್ತು. ನಮ್ಮದು ಅಲ್ಲೇ ಕರುಮತ್ತಂಪಟ್ಟಿಯ ಕನ್ನಡದ ನೇಕಾರರ ಮನೆ. ಮಗ್ಗ ಬಿಟ್ಟು ಸುತ್ತಿಗೆ ಹಿಡಿದವನು ಅಪ್ಪನೊಬ್ಬನೇ. ಆದರೂ ನೂಲು ಅವನನ್ನು ಬಿಡಲಿಲ್ಲ. ಹಳೆಯ ಕಾರಿನ ಬಾಗಿಲು ಕೂರಿಸುವಾಗ ಎಂಟೆಳೆ ನೂಲನ್ನು ಹೊಸೆದು ಬಾಗಿಲಿನ ಸುತ್ತಲ ಸಂದಿನಲ್ಲಿ ಎಳೆಯುತ್ತಿದ್ದ. ಎಲ್ಲೂ ಸಿಕ್ಕಬಾರದು, ಎಲ್ಲೂ ಸಡಿಲವಾಗಬಾರದು. ಸಿಕ್ಕಿದ ಕಡೆ ಕೀಲಿನ ಹಿಂದಿನ ತೆಳು ತಗಡು ಬದಲಿಸಿ ಮತ್ತೆ ಎಳೆಯುವುದು. ಒಂದೊಂದು ಬಾಗಿಲಿಗೂ ಎರಡು ದಿನ. "ನನ್ನ ಹೆಣ್ಣು ನೋಡಕ್ಕೆ ಬಂದಾಗ ಅರ್ಧ ಗಂಟೇಲಿ ಮುಗಿಸ್ಬಿಟ್ರು" ಎಂದು ಅಮ್ಮ ಗೊಣಗುತ್ತಿದ್ದಳು.

ಸಂದನ್ನು ಕೈ ನೋಡಿಕೊಳ್ಳುತ್ತಿತ್ತು. ಆದರೆ ಮುಂದಿನ ಮಡ್‌ಗಾರ್ಡಿನಿಂದ ಎರಡು ಬಾಗಿಲು ದಾಟಿ ಹಿಂದಿನವರೆಗೆ ಓಡುವ ಉಬ್ಬುಗೆರೆ ಒಂದೇ ಸಮ ಇದೆಯೇ ಎಂದು ತಿಳಿಯಲು ಕಣ್ಣೇ ಬೇಕು, ಅದೂ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು. ಅದು ಮನೆಯವರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಹೊರಗೆ ತಿಳಿದರೆ ಯಾರು ಕಾರು ತರುತ್ತಾರೆ?

ಕಾಂಗೇಯದ ಎಣ್ಣೆ ಗಿರಣಿಯ ಮುದಲಾಳಿಯೊಬ್ಬರು ತಮ್ಮ ತಂದೆಯ ಕಾಲದ ಇಂಗ್ಲಿಷ್ ಕಾರನ್ನು ತಂದು ಬಿಟ್ಟಿದ್ದರು. ಅದು ಚೆನ್ನಾಗಿ ಬಂದರೆ ಅವರ ಬಳಗದ ಇನ್ನೂ ಮೂರು ಹಳೆಯ ಕಾರುಗಳು ಬರುವುದಿತ್ತು. ಕೊಯಮತ್ತೂರಿನ ಕಾಲೇಜಿಗೆ ಹೊರಟ ನಾನು ಬುತ್ತಿ ಕೊಡಲು ಶೆಡ್ಡಿಗೆ ಹೋದೆ. ಅಂದು ಕಾಲೇಜಿನಲ್ಲಿ ಸಮಾರಂಭ, ಮೈಮೇಲೆ ಹೊಸ ಸೀರೆ.

"ಅಮ್ಮಣೀ, ಕೊಂಚ ಕೂತ್ಕೊಂಡು ನೋಡಮ್ಮಾ. ಗೆರೆ ನೇರಾ ಅದೆಯಾ?"

ನೆಲದ ತುಂಬ ಗ್ರೀಸು, ತಗಡು ಉಜ್ಜಿದ ಉಪ್ಪುಕಾಗದದ ಪುಡಿ. ನೆರಿಗೆ ಹಿಡಿದುಕೊಂಡು ನಿಂತಲ್ಲಿಂದಲೇ ಕಣ್ಣು ಹಾಯಿಸಿದೆ.

"ನೇರಾ ಅದೆ ಅಪ್ಪಾ. ಬಸ್ಸು ಬಂತು, ನಾ ಬರ್ತೀನಿ."

ಮಹಾರಾಣಿಯ ಹಾಗೆ ಹೊರಟುಬಿಟ್ಟೆ. ಅಪ್ಪ ನನ್ನ ಮಾತು ನಂಬಿ ಬೋಲ್ಟು ಬಿಗಿದ. ಮೇಲೆ ಬಣ್ಣವೂ ಬಿತ್ತು.

ಮುದಲಾಳಿ ಬಂದ ದಿನ ನಾನೂ ಶೆಡ್ಡಿನಲ್ಲಿದ್ದೆ. ಅವರು ಗಿಡ್ಡ ಮುಕ್ಕಾಲಿಯ ಮೇಲೆ ಕೂತು ಚಹ ಕುಡಿಯುತ್ತ ಕಾರನ್ನೇ ನೋಡಿದರು. ಆ ಎತ್ತರದಿಂದ ಎಲ್ಲ ಕಾಣುತ್ತಿತ್ತು. ಹಿಂಬಾಗಿಲಿನ ಬಳಿ ಗೆರೆ ಕೆಳಗಿಳಿದು ಮತ್ತೆ ಏರಿತ್ತು.

"ಎನ್ನಪ್ಪಾ ಇದು?" ಏನಯ್ಯಾ ಇದು ಎಂದು ತಮಿಳಿನಲ್ಲಿ ಕೇಳಿದರು.

ಅಪ್ಪ ನನ್ನತ್ತ ತಿರುಗಲೂ ಇಲ್ಲ. "ಎನ್ ಕಣ್ಣು ಸರಿಯಿಲ್ಲೀಂಗ," ಎಂದುಬಿಟ್ಟ.

ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ನನಗಾಗಿ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ. ಮುದಲಾಳಿ ಬೈಯಲಿಲ್ಲ, ಪಾಪ ಎಂದರು. ಸುದ್ದಿ ಸುತ್ತಲೆಲ್ಲ ಹರಡಿತು. ಉಳಿದ ಮೂರು ಕಾರು ಬರಲಿಲ್ಲ. ವರ್ಷದೊಳಗೆ ಶೆಡ್ ಮುಚ್ಚಿ, ಅಪ್ಪ ದೊಡ್ಡಪ್ಪನ ಪವರ್‌ಲೂಮಿಗೆ ನೂಲು ಸುತ್ತಲು ಹೋದ.

ಮುದಲಾಳಿ ಬಂದಿದ್ದ ಆ ದಿನ ಸಂಜೆ ಬಸ್ಸಿನಲ್ಲಿ ನಾನು ಅಳುತ್ತ ಕೂತಿದ್ದೆ. ಅಪ್ಪ ಮೆಲ್ಲಗೆ, "ಬಿಡು ಅಮ್ಮಣಿ. ಅವತ್ತು ಉಟ್ಟಿದ್ದು ಪುದು ಸೀರೆ, ಕೂತಿದ್ರೆ ಕೊಳೆ ಆಗ್ತಿತ್ತು," ಎಂದ. ಅವನಿಗೆ ಎಲ್ಲ ಗೊತ್ತಿತ್ತು. ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ತಮ್ಮ ಈಗಲೂ ಮೊಮ್ಮಕ್ಕಳಿಗೆ, "ನಮ್ಮಪ್ಪನ ಕಣ್ಣು ಹೋಗಿ ಶೆಡ್ ಮುಚ್ತು" ಎಂದು ಕಥೆ ಹೇಳುತ್ತಾನೆ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸುತ್ತ ಬಂದವಳು. ಇವತ್ತು ಮಧ್ಯಾಹ್ನ ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಇಷ್ಟು ವರ್ಷ ಆದ್ಮೇಲೆ ಯಾಕಕ್ಕಾ? ಅಪ್ಪನೇ ಹೇಳ್ಲಿಲ್ಲ."

"ಅದಕ್ಕೇಡಾ," ಎಂದೆ. "ಇನ್ನು ಆ ಕಥೆ ಹೇಳುವಾಗ ಅಪ್ಪನ ಕಣ್ಣು ಅನ್ಬೇಡ. ನನ್ನ ಹೆಸ್ರು ಹೇಳು. ಅವಳು ಕೂತ್ಕೊಂಡು ನೋಡ್ಲಿಲ್ಲ ಅನ್ನು."