ಕೆಂಪು ಬಕೆಟ್ ಇಳಿಸುವ ತಾಲೀಮು

ಮಾವನನ್ನು ಮೊದಲ ಸಲ ಕಂಡಾಗ ಅವಳಿನ್ನೂ ಆ ಮನೆಯ ಸೊಸೆಯಾಗಿರಲಿಲ್ಲ. ರೆಡಿಮೇಡ್ ಬಟ್ಟೆ ಅಂಗಡಿಗೆ ಮನೆಯಲ್ಲೇ ಕೂತು ಅಂಗಿ ಹೊಲಿದುಕೊಡುತ್ತಿದ್ದಳು. ಬಟ್ಟೆಯ ಗಂಟು ತಂದಿಳಿಸಿ, ಹೊಲಿದದ್ದನ್ನು ಒಯ್ಯುತ್ತಿದ್ದವನೇ ಮುಂದೆ ಅವಳ ಗಂಡನಾದ. ಅಪ್ಪ ಅಮ್ಮನಿಗೆ ತೋರಿಸಬೇಕೆಂದು ಅವನು ಒಂದು ಭಾನುವಾರ ಸಂಜೆ ಅವಳನ್ನು ಮನೆಗೆ ಕರೆತಂದಿದ್ದ.

ನಡುಮನೆಯಲ್ಲಿ ಹೂವಿನ ಹೊದಿಕೆ ಹಾಕಿದ ಸೋಫಾ ಇತ್ತು. ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಬೇರೆಯವರ ಮನೆಯಲ್ಲಿ ಗಡಿಯಾರ ಇರುವ ಜಾಗದಲ್ಲಿ ಇಲ್ಲೊಂದು ಕೆಂಪು ಬಕೆಟ್ ನೇತಾಡುತ್ತಿತ್ತು. ಕಾರ್ಖಾನೆಗಳಲ್ಲಿ ಬೆಂಕಿ ಆರಿಸಲು ಮರಳು ತುಂಬಿಡುತ್ತಾರಲ್ಲ, ಅಂಥದ್ದು. ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಸೀಳು, ಮೈಮೇಲೆ ಬಿಳಿ ಬಣ್ಣದಲ್ಲಿ ‘ತುರ್ತಿಗೆ ಮಾತ್ರ’ ಎಂಬ ಬರಹ. ಅದರ ಕೆಳಗೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಮಾವ ಕೂತಿದ್ದರು. ಕೊರಳಲ್ಲಿ ಒಂದು ಸೀಟಿ.

ಅವಳು ಅರ್ಧ ಲೋಟ ಟೀ ಕುಡಿದಿರಬೇಕು. ಮಾವ ಕೈಗಡಿಯಾರ ನೋಡಿಕೊಂಡು ಎದ್ದು ನಿಂತರು. ಕಿವಿ ತೂತಾಗುವ ಹಾಗೆ ಸೀಟಿ ಊದಿದರು.

“ಸಂಬಳ ನಿಂತಿದೆ! ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ!”

ಗಂಡನಾಗಬೇಕಾದವನು ಹಾರಿಹೋಗಿ ಫ್ಯಾನು ಆರಿಸಿದ. ಅತ್ತೆಯಾಗಬೇಕಾದವರು ಅವಳ ಕೈಯಿಂದ ಲೋಟ ಕಿತ್ತುಕೊಂಡು, “ಬೇಜಾರು ಮಾಡ್ಕೋಬೇಡಮ್ಮ, ಉಳಿದಿದ್ದು ನಾಳೆಗಾಗತ್ತೆ” ಎಂದು ಒಳಗೆ ಓಡಿದರು. ಮಾವ ತಟ್ಟೆಯ ಬಿಸ್ಕತ್ತುಗಳನ್ನು ಒಂದೂ ಮುರಿಯದಂತೆ ಡಬ್ಬಿಗೆ ಸೇರಿಸಿದರು.

ಪಾಪ, ಈಗಷ್ಟೇ ಸಂಬಳ ನಿಂತ ಸುದ್ದಿ ಬಂದಿದೆ, ತಾನು ಬಿಸ್ಕತ್ತು ತಿನ್ನುತ್ತಾ ಕೂತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬಸ್ಸಿಗೆಂದು ಮೂರು ಮೂಲೆಯಾಗಿ ಮಡಚಿಟ್ಟುಕೊಂಡಿದ್ದ ನೋಟನ್ನು ಪರ್ಸಿನಿಂದ ತೆಗೆದು ಮಾವನ ಕಡೆ ಚಾಚಿದಳು.

“ಇಟ್ಕೊಳ್ಳಿ. ನಾನು ನಡ್ಕೊಂಡೇ ಹೋಗ್ತೀನಿ.”

ಮಾವನ ಕಣ್ಣು ತುಂಬಿತು. “ನೋಡೇ, ಏನೂ ಹೇಳಿಕೊಡದೇನೇ ತಾಲೀಮಿಗೆ ಸೇರ್ಕೊಂಡಿದಾಳೆ!” ಎಂದು ಹೆಂಡತಿಯನ್ನು ಕೂಗಿದರು. ಆ ನೋಟನ್ನು ಬಕೆಟ್ಟಿನ ಸೀಳಿಗೆ ತುರುಕಿದರು. ಆಮೇಲೆ ಉದ್ದನೆಯ ಸೀಟಿ ಊದಿದರು. ತುರ್ತು ಮುಗಿಯಿತು ಎಂದು ಅದರ ಅರ್ಥ. ಫ್ಯಾನು ತಿರುಗಿತು, ಟೀ ವಾಪಸ್ ಬಂತು, ನೋಟು ಮಾತ್ರ ಬರಲಿಲ್ಲ. ಅವಳು ನಡೆದುಕೊಂಡೇ ಮನೆಗೆ ಹೋದಳು.

ಮಾವ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಬೆಂಕಿ ತಾಲೀಮು ಮಾಡಿಸುವ ಕೆಲಸದಲ್ಲಿದ್ದರು. ತಿಂಗಳಿಗೊಮ್ಮೆ ಸೀಟಿ ಊದಿ ಕೆಲಸಗಾರರನ್ನು ಅಂಗಳಕ್ಕೆ ಓಡಿಸುವುದು, ಬಕೆಟ್ಟುಗಳ ಮರಳನ್ನು ಮಗುಚುವುದು ಅವರ ಕಸುಬು. ಅವರಿದ್ದಷ್ಟು ವರ್ಷ ಅಲ್ಲಿ ಒಂದು ಬೆಂಕಿಕಡ್ಡಿಯೂ ತಪ್ಪಿ ಉರಿಯಲಿಲ್ಲ. ಅದು ಅವರಿಗೆ ಹೆಮ್ಮೆಯೂ ಹೌದು, ಒಳಗೊಳಗೇ ಸ್ವಲ್ಪ ನಿರಾಸೆಯೂ ಹೌದು. ಬೆಂಕಿಗೆ ತಾಲೀಮು ಇರುವಾಗ ಬಡತನಕ್ಕೇಕೆ ಇರಬಾರದು ಎಂದು ಅವರಿಗೆ ಹೊಳೆದದ್ದೇ ಮನೆಯವರ ಗ್ರಹಚಾರವಾಯಿತು.

ಮದುವೆಯಾದ ಮೇಲೆ ಸೊಸೆಗೂ ಒಂದು ಜಾಗ ಕೊಟ್ಟರು. ಗಂಡನದು ದೀಪ ಮತ್ತು ಫ್ಯಾನು, ಅತ್ತೆಯದು ಸಕ್ಕರೆ ಮತ್ತು ಎಣ್ಣೆ, ಸೊಸೆಯದು ನೆಂಟರು. ಸೀಟಿ ಕೇಳಿದೊಡನೆ ಮನೆಯಲ್ಲಿರುವ ನೆಂಟರನ್ನು, ಮನಸ್ಸು ನೋಯದಂತೆ, ಮೆಟ್ಟಿಲು ಇಳಿಸಬೇಕು. ತಾಲೀಮಿನಲ್ಲಿ ಉಳಿತಾಯವಾದ ದುಡ್ಡೆಲ್ಲ ಬಕೆಟ್ಟಿಗೆ. ಬೀದಿಯ ಹಾಲಿನವನಂತೂ ಸೀಟಿ ಕೇಳಿಸಿದರೆ ಸೈಕಲ್ಲನ್ನು ಹಾಗೇ ತಿರುಗಿಸಿಕೊಂಡು ಹೋಗುತ್ತಿದ್ದ.

“ರೀ, ಹೋದ ವರ್ಷ ಒಂದು ಚೀಲ ಅಕ್ಕಿ ಬರ್ತಿದ್ದ ದುಡ್ಡನ್ನ ಬಕೆಟ್ಟಿಗೆ ಹಾಕಿದ್ರಿ, ಈ ವರ್ಷ ಅದಕ್ಕೆ ಅರ್ಧ ಚೀಲಾನೂ ಬರಲ್ಲ. ಬ್ಯಾಂಕಿಗಾದ್ರೂ ಹಾಕಬಾರದಾ?” ಎಂದು ಅತ್ತೆ ಗೊಣಗುವುದಿತ್ತು.

“ಬೆಂಕಿ ಬಿದ್ದ ದಿನ ಬ್ಯಾಂಕಿಗೆ ರಜಾ ಇದ್ರೆ ಏನ್ ಮಾಡ್ತೀಯ?” ಎನ್ನುತ್ತಿದ್ದರು ಮಾವ.

ಒಂದು ಮಧ್ಯಾಹ್ನ ಮಾವ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು ಸೀಟಿ ಊದಿದರು. ಎಲ್ಲರೂ ಜಾಗಕ್ಕೆ ಹಾರಿದರು. ಸಾಮಾನ್ಯವಾಗಿ ಅವರು ಗಡಿಯಾರ ನೋಡಿ “ಪರವಾಗಿಲ್ಲ” ಎನ್ನುತ್ತಿದ್ದರು. ಅಂದು ಗಡಿಯಾರ ನೋಡಲೇ ಇಲ್ಲ. ಸಂಜೆಯಾದರೂ ಉದ್ದನೆಯ ಸೀಟಿ ಬರಲಿಲ್ಲ. ಮರುದಿನವೂ ಇಲ್ಲ.

“ರೀ, ಊದೋದು ಮರೆತ್ರಾ? ಸಕ್ಕರೆ ಇಲ್ಲದ ಟೀ ಗಂಟಲಲ್ಲಿ ಇಳೀತಿಲ್ಲ” ಎಂದರು ಅತ್ತೆ.

“ಮರೆತಿಲ್ಲ ಕಣೆ. ಫ್ಯಾಕ್ಟರಿ ಮುಚ್ಚಿಬಿಟ್ರು. ಬಣ್ಣ ಕೊಳ್ಳೋರೇ ಇಲ್ವಂತೆ.”

“ಅಯ್ಯೋ, ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಎಂಥಾ ನಾಟಕ ಕಲಿತಿದೀರಿ!”

“ಈ ಸಲ ತಾಲೀಮು ಭಾರಿ ಚೆನ್ನಾಗಿದೆಯಪ್ಪ. ನಿಜಾನೇ ಅನ್ನಿಸ್ತಿದೆ” ಎಂದು ಮಗ ಬೆನ್ನು ತಟ್ಟುವವನಂತೆ ಹೇಳಿದ.

ಸೊಸೆ ಮಾತ್ರ ಬಾಗಿಲ ಕಡೆ ನೋಡಿದಳು. ಮಾವನ ಬೂಟುಗಳು ಅಲ್ಲಿರಲಿಲ್ಲ. ಪಾಲಿಶ್ ಮಾಡಿ, ಹಳೆ ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದ್ದರು. ಅವಳು ಅವನ್ನು ಇಳಿಸಿ ತೋರಿಸಿದ ಮೇಲೆಯೇ ಉಳಿದಿಬ್ಬರು ನಂಬಿದ್ದು.

“ಹಾಗಾದ್ರೆ ಬಕೆಟ್ ಇಳಿಸಿ ಮಾವ” ಎಂದಳು ಸೊಸೆ.

“ಇದೇನು ತುರ್ತೇನಮ್ಮ? ಇದಕ್ಕಿಂತ ದೊಡ್ಡದು ಬರತ್ತೆ, ನೋಡ್ತಿರು.”

ದೊಡ್ಡದೂ ಬಂತು. ಜನ ಹೊಸ ಬಟ್ಟೆ ಕೊಳ್ಳುವುದು ಕಡಿಮೆಯಾಗಿ ರೆಡಿಮೇಡ್ ಅಂಗಡಿಯವನು ಗಂಟು ಕಳಿಸುವುದನ್ನೇ ಬಿಟ್ಟ. ಗಂಡನಿಗೂ ಕೆಲಸವಿಲ್ಲ, ಸೊಸೆಗೂ ಇಲ್ಲ. ಮಾವ ಮತ್ತೆ ತಲೆಯಾಡಿಸಿದರು. ಇದಕ್ಕಿಂತಲೂ ದೊಡ್ಡದಿದೆಯಂತೆ. ತುಂಬಿದ ಬಕೆಟ್ಟಿನ ಕೆಳಗೆ ಕೂತು ನಾಲ್ವರೂ ಗಂಜಿ ಕುಡಿದರು.

ಅದೇ ಹೊತ್ತಿಗೆ ಬಸ್ ನಿಲ್ದಾಣದ ಎದುರಿನ ಮುದುಕ ಟೈಲರ್ ಸೊಸೆಗೆ ಹೇಳಿಕಳಿಸಿದ. ಕಣ್ಣು ಸಾಲದು, ಅಂಗಡಿ ಬಿಡುತ್ತೇನೆ. ಮುಂಗಡ ಕೊಟ್ಟರೆ ಮಿಷನ್ನು, ಮೇಜು, ಬೀಗದ ಕೈ ಎಲ್ಲ ನಿನಗೇ. ಹೊಸ ಬಟ್ಟೆ ಕೊಳ್ಳದ ಜನ ಹಳೆಯದನ್ನು ರಿಪೇರಿ ಮಾಡಿಸಿಯೇ ಮಾಡಿಸುತ್ತಾರೆ, ಗಿರಾಕಿಗಳಿಗೆ ಬರವಿಲ್ಲ. ಆದರೆ ತಿಂಗಳ ಕೊನೆಯೊಳಗೆ ಬಾ, ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಯವನು ಕಾಯುತ್ತಿದ್ದಾನೆ.

ಅವಳು ಮಾವನನ್ನು ಕೇಳಿದಳು, ಬೇಡಿದಳು, ಮುಖ ಊದಿಸಿಕೊಂಡಳು. ಮಾವ ಬಕೆಟ್ಟಿನ ಬರಹದತ್ತ ಬೆರಳು ತೋರಿಸಿದರು. ಅಂಗಡಿ ಹಿಡಿಯುವುದು ತುರ್ತಲ್ಲ.

ಕೊನೆಯ ದಿನ ಬೆಳಿಗ್ಗೆ ಮಾವ ಸ್ನಾನಕ್ಕೆಂದು ಸೀಟಿಯನ್ನು ಮೊಳೆಗೆ ಹಾಕಿ ಹೋಗಿದ್ದರು. ಅವರು ಹೊರಬರುತ್ತಿದ್ದಂತೆ ಸೊಸೆ ಅದನ್ನು ಬಾಯಿಗಿಟ್ಟು ಜೋರಾಗಿ ಊದಿದಳು. ಅತ್ತೆ ಅಭ್ಯಾಸಬಲದಿಂದ ಖಾಲಿ ಸಕ್ಕರೆ ಡಬ್ಬಿಯನ್ನು ಬಚ್ಚಿಟ್ಟರು.

“ಮಾವ, ಇಷ್ಟು ವರ್ಷದಲ್ಲಿ ಬಕೆಟ್ ಇಳಿಸೋ ತಾಲೀಮು ಒಂದು ಸಲನಾದ್ರೂ ಮಾಡಿಸಿದೀರಾ?”

ಟವೆಲ್ಲಿನಲ್ಲಿ ತಲೆ ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

“ಮರಳು ಮಗುಚದೇ ಬಿಟ್ರೆ ಕಲ್ಲಾಗತ್ತೆ ಅಂತ ನೀವೇ ಅಲ್ವಾ ಹೇಳಿದ್ದು? ಅದನ್ನೆಸೆದ್ರೆ ಬೆಂಕಿ ಆರಲ್ಲ, ಮನುಷ್ಯರ ತಲೆ ಒಡೆಯತ್ತೆ ಅಂತ?”

ಮಾವನ ಮುಖ ಪೆಚ್ಚಾಯಿತು. ಕಸುಬಿನಲ್ಲೇ ಲೋಪ! “ದೊಡ್ಡ ತಪ್ಪಾಯ್ತಮ್ಮ” ಎಂದವರೇ ಖಾಕಿ ಅಂಗಿ ತೊಟ್ಟು ಬಂದರು.

ಬಕೆಟ್ ಕೆಳಗಿಳಿಯಿತು. ಗಂಡನೂ ಅತ್ತೆಯೂ ಎರಡು ಬದಿ ಹಿಡಿದರು, ಸೊಸೆ ಟೈಲರ್ ಅಂಗಡಿಯ ದಾರಿ ಹಿಡಿದು ಮುಂದೆ ನಡೆದಳು, ಮಾವ ಗಡಿಯಾರ ಹಿಡಿದು ಹಿಂದಿನಿಂದ “ಓಡಬೇಡಿ! ಸಾಲಾಗಿ! ನೂಕಬೇಡಿ!” ಎಂದು ಕೂಗುತ್ತಾ ಬಂದರು. ನೂಕಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಇದು ತಾಲೀಮು. ನೀವು ನಿಜವಾಗ್ಲೂ ಇಸ್ಕೊಂಡ ಹಾಗೆ ಮಾಡಿ” ಎಂದರು ಮಾವ, ಟೈಲರನಿಗೆ.

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ ಟೈಲರ್ ಎಲ್ಲರ ಮುಖ ನೋಡಿದ. ಬಕೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ತನ್ನ ಮುಂಗಡವನ್ನು ತೆಗೆದುಕೊಂಡು, ಬೀಗದ ಕೈಯನ್ನು ಸೊಸೆಯ ಅಂಗೈಗೆ ಹಾಕಿದ. ಮೇಜಿನ ಮೇಲೆ ಉಳಿದದ್ದು ಬರೀ ಚಿಲ್ಲರೆ.

“ಭೇಷ್!” ಮಾವ ಗಡಿಯಾರ ನೋಡಿದರು. “ಇನ್ನು ವಾಪಸ್ ಕೊಡಿ.”

“ಕೊನೇ ಸೀಟಿ ಊದದೇ ತಾಲೀಮು ಮುಗಿಯಲ್ಲ ಅಲ್ವಾ ಮಾವ?” ಎಂದಳು ಸೊಸೆ. ಸೀಟಿಯನ್ನು ಅವರ ಕೈಗಿಟ್ಟಳು. “ನೀವೇ ಊದಿ. ಊದಿದ್ರೆ ಕೀ ಕೊಟ್ಟು ದುಡ್ಡು ಇಸ್ಕೊಂಡು ಬಂದುಬಿಡೋಣ. ನಾನೇನೂ ಅನ್ನಲ್ಲ.”

ಮಾವ ಸೀಟಿ ಬಾಯಿಗಿಟ್ಟರು. ಕೆನ್ನೆ ಉಬ್ಬಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಊದುವ ಮುನ್ನ ಮಾವ ಕಾರ್ಖಾನೆಯ ರೂಢಿಯಂತೆ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ತಳಕ್ಕೆ ಅಂಟಿಕೊಂಡು ಒಂದೇ ಒಂದು ನೋಟು ಉಳಿದಿತ್ತು, ಮೂರು ಮೂಲೆಯಾಗಿ ಮಡಚಿದ್ದು.

ಉಬ್ಬಿದ ಕೆನ್ನೆ ಮೆಲ್ಲಗೆ ಇಳಿಯಿತು. ಸದ್ದು ಬರಲಿಲ್ಲ.

“ಊದೋಕಾಗಲ್ಲಮ್ಮ” ಎಂದರು. “ನಿಯಮ ಅಂದ್ರೆ ನಿಯಮ. ಇದು ತುರ್ತು ಮುಗಿದಾಗ ಊದೋ ಸೀಟಿ. ತುರ್ತು ಎಲ್ಲಿ ಮುಗಿದಿದೆ?”

ಆಮೇಲೆ ಉಗುರಿನಿಂದ ಆ ನೋಟನ್ನು ಕೆರೆದು ಬಿಡಿಸಿ ಅವಳಿಗೆ ಕೊಟ್ಟರು. “ಇದು ನಿನ್ನದೇ. ಬಸ್ಸಲ್ಲಿ ಹೋಗು.”

ಮನೆ ಪಕ್ಕದ ಬೀದಿಯಲ್ಲೇ ಇತ್ತು. ಅಲ್ಲಿಗೆ ಬಸ್ಸು ಇರಲಿಲ್ಲ.

ಅಂಗಡಿ ಈಗ ನಡೆಯುತ್ತಿದೆ. ಕೆಂಪು ಬಕೆಟ್ ಅಲ್ಲೇ ಗೋಡೆಯ ಮೇಲಿದೆ. ಅದಕ್ಕೆ ಬಿದ್ದದ್ದನ್ನು ತಿಂಗಳಿಗೊಮ್ಮೆ ಇಳಿಸಿ, ಕೈಯಲ್ಲಿ ಒಂದಿಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಸೊಸೆ ಬ್ಯಾಂಕಿಗೆ ಕಟ್ಟುತ್ತಾಳೆ. ಮಾವ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಅಂಗಿಗೆ ಗುಂಡಿ ಹೊಲಿಯುತ್ತಾರೆ.