ಬಾಣಲೆಗೆ ಹತ್ತಿದ ಬೆಂಕಿ

ಹದಿನೆಂಟು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದವನು ಅವನು. ಆ ಭಾನುವಾರದಷ್ಟು ಎಂದೂ ಹೆದರಿರಲಿಲ್ಲ.

ಅಮ್ಮ ಆಲೂಗಡ್ಡೆ ತುರಿದು, ಈರುಳ್ಳಿ ಹೆಚ್ಚಿ, ಹಿಟ್ಟಿಗೆ ಕಲಸಿ, ಪಕೋಡ ಕರಿಯಲು ಎಣ್ಣೆ ಕಾಯಲಿಟ್ಟಿದ್ದಳು. ಆಮೇಲೆ ಪಕ್ಕದ ಮನೆಯವಳ ಜೊತೆ ಮಾತಿಗಿಳಿದು ಮರೆತೇಬಿಟ್ಟಳು. ಅವನು ಅಡುಗೆಮನೆಗೆ ಬಂದಾಗ ಬಾಣಲೆ ಧಗಧಗ ಉರಿಯುತ್ತಿತ್ತು. ಆಗಷ್ಟೇ ಓಡಿಬಂದಿದ್ದ ಅಮ್ಮ ನೀರಿನ ಚೆಂಬು ಎತ್ತಿದ್ದಳು. ಅವನ ಜೀವ ಬಾಯಿಗೆ ಬಂತು.

"ಅಮ್ಮಾ, ನೀರು ಹಾಕ್ಬೇಡ!"

ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸೂರಿಗೆ ನೆಗೆಯುವುದನ್ನು ಅವನು ಕಂಡಿದ್ದ. ಗ್ಯಾಸ್ ಆರಿಸಿ, ಬಾಣಲೆಗೆ ದೊಡ್ಡ ತಟ್ಟೆ ಮುಚ್ಚಿದ. ಉರಿ ನಂದಿತು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ದಿನಾ ಬೆಂಕಿ ನೋಡೋನು, ಇಷ್ಟಕ್ಕೆ ಹೆದರ್ಕೊಂಡ್ಯಾ?"

"ಅಲ್ಲೆಲ್ಲ ನೀನಿರಲ್ವಲ್ಲಮ್ಮ," ಎಂದ.

ಅಮ್ಮ ಚೆಂಬು ಕೆಳಗಿಟ್ಟು ಅವನ ಪಕ್ಕ ಕೂತಳು.