ತಣ್ಣಗಿದ್ದ ನಲವತ್ತು ಯಂತ್ರಗಳು

“ನನ್ನ ಸರದಿ ತಪ್ಪಿಸಿ ಇರುವೆ ಕೂಡ ನುಸುಳೋಕಾಗಲ್ಲ!” ಸರದಿಯಕ್ಕ ಇದನ್ನು ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ವಿಶ್ವವಿದ್ಯಾಲಯದ ಗೋಡೆಗಳಿಗೂ ಬಾಯಿಪಾಠವಾಗಿ, ಸುಣ್ಣ ಬಳಿಯಲು ಬಂದವರಿಗೆ ಅವೇ ಹೇಳಿ ಕಳಿಸುತ್ತಿದ್ದವು.

ನೆಲಮಾಳಿಗೆಯಲ್ಲಿ ಅರವತ್ತು ಕಂಪ್ಯೂಟರುಗಳು ಕಪಾಟುಗಳಲ್ಲಿ ಕೂತು ಒಂದಾಗಿ ದುಡಿಯುತ್ತವೆ. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಯಾವ ಸಂಶೋಧಕರ ಲೆಕ್ಕ ಮೊದಲು, ಯಾರದು ಆಮೇಲೆ ಎಂದು ನೋಡಿಕೊಳ್ಳುವವಳು ಈಕೆ. ಈಚೆಗೆ ಹೆಚ್ಚು ಬಳಸಿದವರು ಹಿಂದೆ, ಕಡಿಮೆ ಬಳಸಿದವರು ಮುಂದೆ ಎಂಬ ನಿಯಮ ಬರೆದವಳೂ ಅವಳೇ. ಅಲ್ಲಿನ ಎ.ಸಿ. ಚಳಿಗೆ ಬಾಯಿಂದ ಹೊರಟ ಮಾತು ಅರ್ಧದಾರಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಸ್ವೆಟರ್ ಅವಳಿಗೆ ಎರಡನೆಯ ಚರ್ಮ.

ಒಂದು ಸೋಮವಾರ ಬೆಳಿಗ್ಗೆ ಪ್ರವಾಹದ ಹುಡುಗಿ ಇಳಿದು ಬಂದಳು. ನದಿ ಉಕ್ಕಿದರೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ನುಗ್ಗುತ್ತದೆಂದು ಲೆಕ್ಕ ಹಾಕುವ ಸಂಶೋಧನಾ ವಿದ್ಯಾರ್ಥಿನಿ.

“ಅಕ್ಕಾ, ನನಗೆ ಮೂವತ್ತು ಯಂತ್ರ ಒಟ್ಟಿಗೆ ಬೇಕು, ಮೂರು ದಿನ. ಹನ್ನೊಂದು ದಿನದಿಂದ ಕಾಯ್ತಿದ್ದೀನಿ. ಶುಕ್ರವಾರ ಪ್ರಬಂಧ ಕೊಡದಿದ್ರೆ ನನ್ನ ನೋಂದಣಿನೇ ರದ್ದು.”

“ನಿನ್ನ ಮುಂದೆ ಯಾರೂ ನುಗ್ಗಿಲ್ಲ ಕಣೇ. ಇರುವೆ ಕೂಡ…”

“ಇರುವೆ ಸುದ್ದಿ ಬಿಡಿ ಅಕ್ಕಾ. ಸ್ವಲ್ಪ ನೋಡಿ.”

ಪರದೆಯ ಮೇಲೆ ಎಲ್ಲ ಯಂತ್ರಗಳೂ ಭರ್ತಿ. ಸರದಿಯಕ್ಕನಿಗೆ ಪರದೆಗಿಂತ ಅಂಗೈ ಮೇಲೆ ನಂಬಿಕೆ. ಕಪಾಟುಗಳ ಹಿಂದೆ ಹೋಗಿ ಕೈ ಒಡ್ಡಿದಳು. ದುಡಿಯುವ ಯಂತ್ರದ ಬೆನ್ನಿಂದ ಬಿಸಿಗಾಳಿ ಬರಬೇಕು. ಇಪ್ಪತ್ತರಿಂದ ಬಂತು. ಉಳಿದ ನಲವತ್ತು ತಣ್ಣಗೆ!

ತೆರೆದು ನೋಡಿದರೆ, ಆ ನಲವತ್ತಕ್ಕೂ ಕೊಟ್ಟಿದ್ದ ಅಪ್ಪಣೆ ಒಂದೇ: ಮಲಗು. ಆರು ಜನರ ಹೆಸರಲ್ಲಿ ಹನ್ನೊಂದು ದಿನದಿಂದ ಹಿಡಿದಿಟ್ಟಿದ್ದರು. ಆರೂ ವಿಶ್ವವಿದ್ಯಾಲಯದ ಹಿರಿಯ ಪ್ರೊಫೆಸರ್, ದೊಡ್ಡ ಮೇಷ್ಟ್ರ ಶಿಷ್ಯರು. ಮುಂದಿನ ವಾರ ಸಮ್ಮೇಳನಕ್ಕೆ ಅವರ ಲೆಕ್ಕ ಬೇಕಿತ್ತು. ಅದಕ್ಕೇ ಮೊದಲೇ ಜಾಗ ಹಿಡಿದಿದ್ದರು. ನಿಯಮ ತಲೆ ಎಣಿಸುತ್ತಿತ್ತು, ಆರು ತಲೆಗೆ ಆರು ಪಾಲು ಕೊಟ್ಟಿತ್ತು. ಇರುವೆ ಕಾಯುತ್ತ ಕೂತವಳ ಮೂಗಿನಡಿ ಆನೆಹಿಂಡು ದಾಟಿತ್ತು.

ಸಿಟ್ಟು ನೆತ್ತಿಗೇರಿತು. ಮೊದಲು ತನ್ನ ಮೇಲೆ, ಆಮೇಲೆ ಮೇಷ್ಟ್ರ ಮೇಲೆ. ಆ ಕಾವಿಗೆ ಹೆದರಿ ಎ.ಸಿ. ಕೂಡ ಒಂದು ಗಳಿಗೆ ಉಸಿರು ಹಿಡಿಯಿತು.

ಊಟದ ಹೊತ್ತಿಗೆ ಬಸ್ ಕಂಡಕ್ಟರ್ ಆಗಿದ್ದ ಗಂಡನಿಗೆ ಫೋನ್ ಹಚ್ಚಿದಳು. “ರೀ, ಟವೆಲ್ ಹಾಕಿ ಸೀಟು ಹಿಡಿಯೋರಿಗೆ ನೀವೇನು ಮಾಡ್ತೀರಿ?”

“ಟವೆಲ್ ಮಡಚಿಡ್ತೀನಿ, ನಿಂತೋರನ್ನ ಕೂರಿಸ್ತೀನಿ. ಟವೆಲ್ಲಿಗೇನು ಟಿಕೆಟ್ ತಗೊಂಡಿರ್ತಾರಾ? ಯಾಕೆ, ಮಾತಲ್ಲಿ ಹೊಗೆ ಬರ್ತಿದೆ?”

“ಬೆಂಕಿ ಇದೆ, ಅದಕ್ಕೆ,” ಎಂದು ಫೋನ್ ಇಟ್ಟಳು.

ಮಲಗಿದ್ದ ನಲವತ್ತನ್ನೂ ಎಬ್ಬಿಸಿ, ಹಿಡಿದಿದ್ದವರನ್ನು ಹೊರಹಾಕಿದಳು. ಇನ್ನು ಮುಂದೆ ಒಬ್ಬ ಮೇಷ್ಟ್ರ ಶಿಷ್ಯರೆಲ್ಲ ಸೇರಿ ಒಂದೇ ಪಾಲು ಎಂದು ನಿಯಮ ತಿದ್ದಿ, ಎಲ್ಲರಿಗೂ ಮೇಲ್ ಕಳಿಸಿದಳು. ಹಿಡಿದಿಟ್ಟ ಹನ್ನೊಂದು ದಿನವೂ ಮೇಷ್ಟ್ರ ಬಳಕೆಗೇ ಸೇರಿ, ಅವರು ಸರದಿಯ ಬಾಲಕ್ಕೆ ಬಂದರು. ಮಧ್ಯಾಹ್ನ ಹುಡುಗಿಯ ಲೆಕ್ಕ ಶುರುವಾಯಿತು. ಕಪಾಟಿನ ಬೆನ್ನು ಬಿಸಿಯಾಯಿತು.

ಮರುದಿನ ದೊಡ್ಡ ಮೇಷ್ಟ್ರು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಆ ಮೆಟ್ಟಿಲು ಇಳಿದರು.

“ಏನಮ್ಮಾ ಇದು ದರ್ಬಾರು? ನಿಲ್ಲಿಸು ಆ ಹುಡುಗಿದು! ನನ್ನ ಹೆಸರು ಕೊನೇಲಿ ಯಾಕಿದೆ?”

“ಹನ್ನೊಂದು ದಿನ ನಲವತ್ತು ಯಂತ್ರ ಬಳಸಿದ್ದೀರಿ ಸಾರ್.”

“ಎಲ್ಲಿ ಬಳಸಿದೆ? ಅವು ಸುಮ್ನೆ ಮಲಗಿದ್ವು!”

ಮಾತು ಹೊರಬಿದ್ದ ಮೇಲೆ ಮೇಷ್ಟ್ರಿಗೆ ಅದರ ತೂಕ ತಿಳಿಯಿತು. ತನ್ನ ಲೆಕ್ಕ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೆಮ್ಮಿದಳು.

“ಕುಲಪತಿಗಳ ಹತ್ರ ಹೋಗ್ತೀನಿ,” ಎಂದು ಅವರು ತಿರುಗಿದರು.

“ಹೋಗಿ ಸಾರ್, ಇದೇ ಮಾತು ಅಲ್ಲೂ ಹೇಳಿ,” ಎಂದಳು ಸರದಿಯಕ್ಕ. “ನಿಮ್ಮ ನಲವತ್ತು ಟವೆಲ್ಲೂ ಮಡಚಿಟ್ಟಿದ್ದೀನಿ, ಹೋಗ್ತಾ ತಗೊಂಡು ಹೋಗಿ.”